ದ್ವೀಪದ ಸವತಿ

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಸರೋಜಿನಿಗೆ ಗಂಡನ ವಿಷಯದಲ್ಲಿ ಮೊದಲ ಬಾರಿಗೆ ಹೊಟ್ಟೆಕಿಚ್ಚು ಶುರುವಾಯಿತು. ಅದೂ ಒಂದು ಕತ್ತೆಯ ದೆಸೆಯಿಂದ.

ಅವಳ ಗಂಡ ಡಾಕ್ಟರ್ ಸುಬ್ರಾಯರು ಕೌಲಾಲಂಪುರದ ದಕ್ಷಿಣಕ್ಕಿರುವ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರೊಫೆಸರು. ಕ್ಲಾಸಿನಲ್ಲಿ ನಿರರ್ಗಳವಾಗಿ ಮಾತನಾಡುತ್ತಾರೆ ಎಂದು ಜನ ಹೇಳುವುದನ್ನು ಸರೋಜಿನಿ ಕೇಳಿದ್ದಳು. ಮನೆಗೆ ಬಂದರೆ ಮಾತು ‘ಹೂಂ’ ಮತ್ತು ‘ನೋಡುವ’ಗಳಲ್ಲಿ ಮುಗಿಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಯಿತೋ ಎಂದು ಕೇಳಿದರೆ ಹೂಂ. ಊರಿಗೆ ಫೋನು ಮಾಡಿದಿರಾ ಎಂದರೆ ನೋಡುವ. ಇದು ಅವರ ಸ್ವಭಾವ ಎಂದು ಸರೋಜಿನಿ ಎಂದೋ ಒಪ್ಪಿಕೊಂಡಿದ್ದಳು. ಬಾವಿ ಆಳವಾಗಿದ್ದರೆ ಹಗ್ಗ ಉದ್ದ ಬೇಕಾಗುತ್ತದೆ, ಅದಕ್ಕೆ ಬಾವಿಯನ್ನು ಬೈದು ಏನು ಫಲ?

ಅವಳಾದರೋ ಮಾತಿನವಳು. ಕಲ್ಯಾಣಪುರದ ಹತ್ತಿರದ ಹುಡುಗಿ. ಪಿಯುಸಿ ಮುಗಿದ ವರ್ಷವೇ ಮದುವೆ. ಮೆಲಾಕಾಕ್ಕೆ ಬಂದ ಮೇಲೆ ತರಕಾರಿ ಮಾರುವ ಹೆಂಗಸರ ಜೊತೆ ಚೌಕಾಸಿ ಮಾಡುತ್ತಲೇ ಮಲಯ ಕಲಿತಳು, ಪಕ್ಕದ ಮನೆಯವರಿಂದ ತಮಿಳು ಕಲಿತಳು. ಏಕಾದಶಿಗೆ ಅವಳ ಫ್ಲಾಟಿನಲ್ಲಿ ಭಜನೆ. ಭಜನೆ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಅಡುಗೆಮನೆಗೆ ಬಂದು ತಮ್ಮ ತಮ್ಮ ಸಂಕಟ ಹೇಳಿಕೊಳ್ಳುತ್ತಿದ್ದರು. ಮಗು ಉಣ್ಣುವುದಿಲ್ಲವೇ? ಇಂಥ ಕಷಾಯ. ಅತ್ತೆ ಮುನಿಸಿಕೊಂಡಿದ್ದಾರೆಯೇ? ಇಂಥ ಸ್ತೋತ್ರ, ನಾಲ್ಕು ಶುಕ್ರವಾರ ತುಪ್ಪದ ದೀಪ. ಉತ್ತರವಿಲ್ಲದೆ ಯಾರನ್ನೂ ಅವಳು ಹಿಂದೆ ಕಳಿಸಿದ್ದಿಲ್ಲ. ಅದು ಅವಳಿಗೆ ಸ್ವಲ್ಪ ಹೆಮ್ಮೆಯ ಸಂಗತಿಯೂ ಆಗಿತ್ತು. ದೇವರೆದುರು ಕೂತಾಗ ಆ ಹೆಮ್ಮೆಗಾಗಿ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತಿದ್ದಳು.

ಕತ್ತೆ ಬಂದದ್ದು ಹೀಗೆ. ಮೆಲಾಕಾದ ಆಚೆಗೆ ಸಮುದ್ರದಲ್ಲಿ ಪುಲಾವ್ ಕೆನಾಂಗಾ ಎಂಬ ಸಣ್ಣ ದ್ವೀಪವಿದೆ. ಅಲ್ಲೊಂದು ರೆಸಾರ್ಟು ಇತ್ತು; ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಮರಳಿನಲ್ಲಿ ಓಡಾಡಲೆಂದು ಅವರು ಕತ್ತೆಗಳನ್ನು ತರಿಸಿದ್ದರು. ಕೊರೋನಾ ಕಾಲದಲ್ಲಿ ರೆಸಾರ್ಟು ಮುಚ್ಚಿತು, ಜನ ಹೋದರು, ಕತ್ತೆಗಳು ಕಟ್ಟಿದಲ್ಲೇ ಉಳಿದವು. ಹಸಿವಿನಿಂದ ಎಲುಬು ಬಿಟ್ಟಿದ್ದ ಅವುಗಳನ್ನು ಸಲ್ಮಾ ಎಂಬ ಮಲಯ ಹೆಂಗಸು ಬಿಡಿಸಿ ತಂದು ತನ್ನ ತೆಂಗಿನ ತೋಟದಲ್ಲಿ ಕಟ್ಟಿ ಸಾಕಿದಳು. ಅದು ಬೆಳೆದು ಒಂದು ಆಶ್ರಯಧಾಮವಾಯಿತು. ಬೇರೆ ಕಡೆಗಳಿಂದಲೂ ಯಾರಿಗೂ ಬೇಡವಾದ ಕತ್ತೆಗಳು ಅಲ್ಲಿಗೆ ಬರತೊಡಗಿದವು. ಹೋದ ವರ್ಷ ಕಾಲೇಜಿನ ಹುಡುಗರು ಸೇವೆ ಮಾಡಲು ಅಲ್ಲಿಗೆ ಹೋದಾಗ ಜೊತೆಗೆ ಸುಬ್ರಾಯರನ್ನು ಕಳಿಸಿದ್ದರು. ಹುಡುಗರು ಫೋಟೋ ತೆಗೆಸಿಕೊಂಡು ಮರೆತರು. ಸುಬ್ರಾಯರು ಮಾತ್ರ ಮುಂದಿನ ಭಾನುವಾರವೂ ಹೋದರು, ಅದರ ಮುಂದಿನ ಭಾನುವಾರವೂ ಹೋದರು.

ಮೊದಮೊದಲು ಸರೋಜಿನಿಗೆ ಸಂತೋಷವೇ ಆಯಿತು. ಮೂಕಪ್ರಾಣಿಯ ಸೇವೆ, ಪುಣ್ಯದ ಕೆಲಸ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಂಗಡಿಯಲ್ಲಿ ನಿಂತು ಕತ್ತೆಯ ಮೈ ತಿಕ್ಕಲು ಬ್ರಷ್ ಆರಿಸುವಾಗ ಅಂಗೈಗೆ ಒತ್ತಿ ಒತ್ತಿ ನೋಡಿದರು, ಚುಚ್ಚುತ್ತದೋ ಎಂದು. ಅವಳಿಗೆ ಈವರೆಗೆ ಒಂದು ಬಾಚಣಿಗೆಯನ್ನೂ ಅವರು ತಂದವರಲ್ಲ. ಭಾನುವಾರ ಬೆಳಗ್ಗೆ ಎದ್ದು ಕ್ಯಾರೆಟ್ಟನ್ನು ಉದ್ದುದ್ದಕ್ಕೆ ಸೀಳಿ ಡಬ್ಬಿಗೆ ತುಂಬುವರು. ಒಂದು ಬೀನ್ಸ್ ಮುರಿದುಕೊಟ್ಟು ಗೊತ್ತಿಲ್ಲದ ಕೈ! ಫೋನು ತೆರೆದರೆ ಮೊದಲು ಕಾಣುತ್ತಿದ್ದ ಮಗಳು ನವ್ಯಾಳ ಕಾನ್ವೊಕೇಶನ್ ಫೋಟೋ ಹೋಗಿ ಅಲ್ಲಿ ಎರಡು ಉದ್ದ ಕಿವಿಗಳು ಬಂದವು.

“ಮಾವಾರ್ ಅಂತ ಹೆಸರು. ಗುಲಾಬಿ ಅಂತ ಅರ್ಥ,” ಎಂದರು ಸುಬ್ರಾಯರು, ಅವಳು ಕೇಳದೆಯೇ. ಕೇಳದೆ ಹೇಳಿದ ಮಾತು ಆ ತಿಂಗಳಲ್ಲಿ ಅದೊಂದೇ.

ಸರೋಜಿನಿ ಇದನ್ನು ಕೌಲಾಲಂಪುರದ ಬಳಿಯ ಪುಚೊಂಗ್‌ನಲ್ಲಿದ್ದ ಗೆಳತಿ ಚಾಮುಂಡಿಗೆ ಫೋನಿನಲ್ಲಿ ನಗೆಯ ಮಾತಾಗಿ ಹೇಳಿದಳು. ಚಾಮುಂಡಿ ಮೈಸೂರಿನವಳು, ಸುಮ್ಮನೆ ಬಿಡುವವಳಲ್ಲ. “ಅಯ್ಯೋ, ನಿಮ್ಗೊಬ್ಳು ಸವತಿ ಬಂದ್ಳು ಅನ್ನಿ! ಅದೂ ನಾಕು ಕಾಲಿನವ್ಳು. ಸುಮ್ನಿರ್‍ಬೇಡಿ ಕಣ್ರೀ, ಒಂದ್ಸಲ ಹೋಗಿ ಮುಖ ನೋಡ್ಕೊಂಡ್ ಬನ್ನಿ.” ಅಂದಿನಿಂದ ಫೋನು ಮಾಡಿದಾಗಲೆಲ್ಲ ಅವಳ ಮೊದಲ ಮಾತೇ ‘ಸವತಿ ಹೇಗವ್ಳೆ?’ ಎಂಬುದಾಯಿತು.

ಕೌಲಾಲಂಪುರದಲ್ಲಿ ಕೆಲಸ ಮಾಡುತ್ತಿದ್ದ ನವ್ಯಾಳಿಗೂ ಹೇಳಿ ನೋಡಿದಳು. ನವ್ಯಾಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯ ಸೀಮೆಯ ‘ಲಾ’ ಸೇರಿಸಿದ ಇಂಗ್ಲಿಷು. “ಅಮ್ಮಾ! ಯು ಆರ್ ಜೆಲಸ್ ಆಫ್ ಎ ಡಾಂಕಿ? ಸೋ ಕ್ಯೂಟ್ ಲಾ!” ಎಂದು ನಕ್ಕಳು.

ಕ್ಯೂಟೂ ಇಲ್ಲ, ಮಣ್ಣೂ ಇಲ್ಲ. ಸರೋಜಿನಿಯ ಎದೆಯಲ್ಲಿ ಅದು ಹಸಿ ಕಟ್ಟಿಗೆಯ ಹಾಗೆ ಹೊಗೆಯಾಡುತ್ತಿತ್ತು. ಎಲ್ಲವನ್ನೂ ಕೃಷ್ಣನ ಪಟದ ಮುಂದೆ ಹೇಳಿಕೊಳ್ಳುವವಳಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಕತ್ತೆಯ ಮೇಲೆ ಹೊಟ್ಟೆಕಿಚ್ಚು ಎಂದರೆ ಆ ದೇವರು ನಕ್ಕುಬಿಟ್ಟಾನು.

ಹೊಗೆಗೆ ಇನ್ನೊಂದು ಕಾರಣವೂ ಇತ್ತು. ಬರುವ ಜೂನ್‌ಗೆ ಸುಬ್ರಾಯರ ಕೆಲಸದ ಅವಧಿ ಮುಗಿಯುತ್ತಿತ್ತು. ಊರಿಗೆ ಹೋಗಿಬಿಡುವುದು ಎಂದು ಸರೋಜಿನಿ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಯಾಗಿತ್ತು. ಉಡುಪಿಯಲ್ಲಿ ಒಂದು ಫ್ಲಾಟು ಇದೆ, ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರ. ದಿನಾ ಬೆಳಗ್ಗೆ ಕಿಂಡಿಯ ಎದುರು ನಿಂತು ಬರುವುದೊಂದೇ ಅವಳಿಗೆ ಉಳಿದಿದ್ದ ಆಸೆ. “ಜೂನಿಗೆ ಹೊರಡುವುದಲ್ವಾ?” ಎಂದು ಎಷ್ಟು ಸಲ ಕೇಳಿದರೂ ಬಂದದ್ದು ಅದೇ, ನೋಡುವ.

ದೀಪಾವಳಿಯ ಪಾಡ್ಯ ಭಾನುವಾರವೇ ಬಿತ್ತು. ಪಾಡ್ಯದ ಗೋಪೂಜೆಯನ್ನು ಸರೋಜಿನಿ ಪರದೇಶದಲ್ಲೂ ಬಿಟ್ಟವಳಲ್ಲ. ಪ್ರತಿ ವರ್ಷ ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು, ಉದ್ದಿನ ದೋಸೆ ಎಲ್ಲವನ್ನೂ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಊರಾಚೆ ಹಸು ಸಾಕಿದ್ದ ಒಬ್ಬ ತಮಿಳರ ಮನೆಗೆ ಹೋಗಿ, ಹಸುವಿನ ಹಣೆಗೆ ಕುಂಕುಮವಿಟ್ಟು ತಿನ್ನಿಸಿ ಬರುತ್ತಿದ್ದಳು. ಈ ವರ್ಷ ಅವರು ಹಸುಗಳನ್ನು ಮಾರಿಬಿಟ್ಟಿದ್ದರು. ತುಂಬಿದ ಡಬ್ಬಿ ಕೈಯಲ್ಲಿ ಉಳಿಯಿತು. ಆ ಹೊತ್ತಿಗೆ ಸರಿಯಾಗಿ ಸುಬ್ರಾಯರು ಕ್ಯಾರೆಟ್ಟಿನ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದರು.

“ಇವತ್ತು ನಾನೂ ಬರ್ತೇನೆ,” ಎಂದಳು ಸರೋಜಿನಿ.

ಸುಬ್ರಾಯರು ತಲೆ ಎತ್ತಿದರು. “ಬಿಸಿಲು ಉಂಟು.”

“ನಾನೆಂತ ಬಿಸಿಲು ಕಾಣದವಳಾ?”

“ಕೆಸರು ಉಂಟು.”

“ಗದ್ದೆ ಬದಿಯಲ್ಲಿ ಹುಟ್ಟಿದವಳಿಗೆ ಕೆಸರಿನ ಸುದ್ದಿ ಹೇಳ್ತೀರಲ್ಲ!”

ಮೂರನೆಯ ಕಾರಣ ಸುಬ್ರಾಯರಿಗೆ ಸಿಗಲಿಲ್ಲ. ಅವಳು ಡಬ್ಬಿಯನ್ನು ತನ್ನ ಕೈಚೀಲದ ತಳಕ್ಕೆ ಇಳಿಸಿ, ಮೇಲೆ ಮಧ್ಯಾಹ್ನದ ಬುತ್ತಿಯಿಟ್ಟು ಹೊರಟಳು.

ದೋಣಿಯಲ್ಲಿ ಗಂಡ ಮುಂದಿನ ತುದಿಯಲ್ಲಿ ಹೋಗಿ ಕುಳಿತರು, ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗನ ಹಾಗೆ. ಗಾಳಿಗೆ ಅವರ ಉಳಿದ ನಾಲ್ಕು ಕೂದಲು ಎದ್ದು ನಿಂತಿದ್ದವು. ದ್ವೀಪ ಹತ್ತಿರವಾದಂತೆ ಅವರ ಮುಖ ಹಗುರವಾಗುವುದನ್ನು ಸರೋಜಿನಿ ಹಿಂದಿನಿಂದ ನೋಡಿದಳು. ಸಂಜೆ ಕಾಲೇಜಿನಿಂದ ಮನೆಗೆ ಬರುವಾಗ ಆ ಮುಖ ಹೀಗಿರುವುದನ್ನು ಅವಳು ಕಂಡಿರಲಿಲ್ಲ.

ಜೆಟ್ಟಿಯಿಂದ ತೆಂಗಿನ ಸಾಲಿನಲ್ಲಿ ಸ್ವಲ್ಪ ನಡೆದರೆ ಬೇಲಿ, ಗೇಟು. ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಮಲಯದಲ್ಲೂ ಇಂಗ್ಲಿಷಿನಲ್ಲೂ ಹೊರಗಿನ ತಿಂಡಿ ಕೊಡಬಾರದು ಎಂದು ಬರೆದಿತ್ತು. ಸರೋಜಿನಿ ಅದನ್ನು ಓದಿದಳು. ತಿಂಡಿ ಎಂದರೆ ಚಿಪ್ಸು, ಬಿಸ್ಕತ್ತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ನೈವೇದ್ಯಕ್ಕೂ ತಿಂಡಿಗೂ ಫರಕಿಲ್ಲವೇ?

ತಲೆಗೆ ಹಳದಿ ವಸ್ತ್ರ ಸುತ್ತಿ, ಮೊಣಕಾಲುದ್ದದ ಬೂಟು ಹಾಕಿದ್ದ ಸಲ್ಮಾ ನಗುತ್ತಾ ಬಂದಳು. “ಓ! ಪ್ರೊಫೆಸರ್ ವೈಫ್! ಫೈನಲಿ ಲಾ!” ಎಂದು ಕೈ ಹಿಡಿದು, ಮಲಯದಲ್ಲಿ ಶುರು ಮಾಡಿದಳು: “ನಿನ್ನ ಗಂಡನ ದೋಣಿಯ ಸದ್ದು ಮಾವಾರ್‌ಗೆ ಗೊತ್ತು, ಅಕ್ಕಾ. ಬೇರೆ ದೋಣಿ ಬಂದರೆ ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಭಾನುವಾರದ ಈ ದೋಣಿಗೆ ಮಾತ್ರ ಓಡಿ ಬಂದು ಗೇಟಿನಲ್ಲಿ ನಿಲ್ಲುತ್ತದೆ. ನೋಡು!”

ಹೌದು, ನಿಂತಿತ್ತು. ಬೂದು ಬಣ್ಣದ ಹೆಣ್ಣು ಕತ್ತೆ. ಒಂದು ಕಿವಿಯ ತುದಿ ಹರಿದಿತ್ತು. ಮೂಗಿನ ಮೇಲೆ ಹಗ್ಗ ಕೊರೆದ ಗುರುತು ಬಿಳಿ ಗೆರೆಯಾಗಿ ಉಳಿದಿತ್ತು. ಪಾಪ ಎನ್ನಿಸಬೇಕಿತ್ತು. ಆದರೆ ಸರೋಜಿನಿಗೆ ಮೊದಲು ಕಂಡದ್ದು ಅದರ ಕಣ್ಣಿನ ರೆಪ್ಪೆಗಳು. ಇಷ್ಟುದ್ದ ರೆಪ್ಪೆ ಒಂದು ಕತ್ತೆಗೆ ಯಾಕೆ ಬೇಕು? ತನ್ನ ಕಾರಿನ ಸದ್ದನ್ನು ಗುರುತು ಹಿಡಿದು ಮೂವತ್ತು ವರ್ಷದಿಂದ ಬಾಗಿಲು ತೆರೆಯುತ್ತಿರುವವಳ ಸುದ್ದಿಯನ್ನು ಈ ಮನುಷ್ಯ ಯಾರಿಗಾದರೂ ಹೀಗೆ ಹೇಳಿದ್ದುಂಟೇ?

“ಬಾ ಮಾರಾಯ್ತಿ,” ಎಂದರು ಸುಬ್ರಾಯರು, ಕತ್ತೆಗೆ.

ಸರೋಜಿನಿಗೆ ಕಾಲ ಕೆಳಗಿನ ಮರಳು ಸರಿದಂತಾಯಿತು. ಮಾರಾಯ್ತಿ! ಮದುವೆಯಾದ ಹೊಸದರಲ್ಲಿ, ಮಣಿಪಾಲದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅವರು ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಆ ಮಾತು ಯಾವಾಗ ನಿಂತುಹೋಯಿತೆಂದು ಅವಳಿಗೆ ನೆನಪಿರಲಿಲ್ಲ. ಸವೆದು ಹೋಗಿರಬೇಕು ಎಂದುಕೊಂಡಿದ್ದಳು. ಸವೆದಿರಲಿಲ್ಲ; ಇಲ್ಲಿ, ಸಮುದ್ರದ ನಡುವೆ, ಜೋಪಾನವಾಗಿತ್ತು.

ಸಲ್ಮಾ ಅವಳಿಗೆ ತೋಟ ತೋರಿಸಿದಳು. ಕಣ್ಣು ಕಾಣದ ಮುದಿ ಕತ್ತೆ, ಕಾಲು ಎಳೆಯುವ ಕತ್ತೆ, ಯಾರನ್ನೂ ಹತ್ತಿರ ಬಿಡದ ಒಂದು ಗಂಡು. ಸರೋಜಿನಿ ಹೂಂಗುಟ್ಟುತ್ತಾ ನಡೆದಳು, ಕಿವಿ ಮಾತ್ರ ಹಿಂದೆ ಇತ್ತು. ಸಲ್ಮಾಳಿಗೆ ಯಾರೋ ಫೋನು ಮಾಡಿದ ಕೂಡಲೇ ಅವಳು ಮೆಲ್ಲಗೆ ಹಿಂದಿರುಗಿ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತಳು. ಇಣುಕುವುದು ಕದಿಯುವುದಕ್ಕೆ ಸಮ ಎಂದು ಭಜನೆಗೆ ಬಂದವರಿಗೆ ತಾನೇ ಬುದ್ಧಿ ಹೇಳಿದ್ದು ನೆನಪಾಯಿತು. ಆದರೂ ನಿಂತಳು.

ಟ್ಯಾಂಕಿನ ಆಚೆ ಸುಬ್ರಾಯರು ಬ್ರಷ್ ಎಳೆಯುತ್ತಾ ಮಾತನಾಡುತ್ತಿದ್ದರು. ಹೂಂ ಅಲ್ಲ, ನೋಡುವ ಅಲ್ಲ, ಉದ್ದುದ್ದ ವಾಕ್ಯಗಳು.

“…ಮೊದಲನೇ ವರ್ಷದ ಹುಡುಗಿ ಒಬ್ಬಳು, ವೈವಾದಲ್ಲಿ ಒಂದು ಪ್ರಶ್ನೆಗೆ ಅತ್ತುಬಿಟ್ಟಳು ಮಾರಾಯ್ತಿ. ನಾನು ಜೋರು ಮಾಡಿದ್ದೂ ಅಲ್ಲ. ಅದು ಇಡೀ ವಾರ ತಲೆಯಲ್ಲಿ ಕೂತಿತ್ತು. ಕಾಲು ಎತ್ತು… ಹಾಂ, ಜಾಣೆ. ನನ್ನ ಮೊಣಕಾಲೂ ಹೀಗೆಯೇ, ಮೆಟ್ಟಿಲು ಹತ್ತುವಾಗ ಕಟಕಟ ಹೇಳ್ತದೆ. ಮತ್ತೆ, ನೀನು ಹೆದರಬೇಡ. ಜೂನಿನ ನಂತರವೂ ನಾನು ಬರ್ತೇನೆ. ಡೀನ್ ಹತ್ತಿರ ಹೇಳಿ ಆಯ್ತು, ಇನ್ನೆರಡು ವರ್ಷ ಇರ್ತೇನೆ ಅಂತ. ಅವಳಿಗೆ ಹೇಗೆ ಹೇಳುವುದು, ಅದೊಂದು ಗೊತ್ತಾಗುವುದಿಲ್ಲ.”

ಸರೋಜಿನಿ ಟ್ಯಾಂಕಿಗೆ ಕೈಯೂರಿದಳು. ಉಡುಪಿಯ ಫ್ಲಾಟು, ರಥಬೀದಿ, ಕಿಂಡಿಯ ದರ್ಶನ ಎಲ್ಲ ಎರಡು ವರ್ಷ ಆಚೆ ಹೋಗಿ ನಿಂತವು. ಆದರೆ ಅದಕ್ಕಿಂತ ಹೆಚ್ಚಾಗಿ ಉರಿದದ್ದು ಬೇರೆ. ಡೀನ್‌ಗೆ ಗೊತ್ತು. ಕತ್ತೆಗೂ ಗೊತ್ತು. ಅವಳಿಗೆ ಮಾತ್ರ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಸಲ್ಮಾ ಕರೆದಳು; ಹುಲ್ಲಿನ ಮೂಟೆ ಇಳಿಸಲು ಸುಬ್ರಾಯರು ಅವಳ ಜೊತೆ ಹೋದರು. ಮಾವಾರ್ ಒಂಟಿಯಾಗಿ ನಿಂತಿತ್ತು. ಸರೋಜಿನಿ ಅದರ ಎದುರು ಹೋಗಿ ನಿಂತಳು.

“ಎಂತ ಉಂಟು ನಿನ್ನಲ್ಲಿ?” ಎಂದು ಕೇಳಿದಳು. “ಒಂದು ಮಾತಿಗೆ ಮಾತು ಕೊಡ್ಲಿಕ್ಕೆ ಬರ್ತದಾ? ಒಂದು ಸಾರು ಮಾಡ್ಲಿಕ್ಕೆ ಬರ್ತದಾ?”

ಕತ್ತೆ ರೆಪ್ಪೆ ಬಡಿಯಿತು. ಸರೋಜಿನಿ ಕೈಚೀಲದ ತಳದಿಂದ ಡಬ್ಬಿ ತೆಗೆದಳು. ನಾಲ್ಕು ಕಾಲಿನ ಜೀವದಲ್ಲಿಯೂ ಕೃಷ್ಣನಿದ್ದಾನೆ, ಹಸುವಿಗೆ ಸಲ್ಲಬೇಕಾದದ್ದು ಇದಕ್ಕೆ ಸಂದರೆ ತಪ್ಪೇನು ಎಂದು ಬಾಯಿಯಲ್ಲಿ ಹೇಳಿಕೊಂಡಳು. ಮನಸ್ಸಿನಲ್ಲಿ ಇದ್ದದ್ದು ಬೇರೆಯೇ: ಇದು ನನ್ನ ಹಿಂದೆ ಬರಲಿ. ಅವರು ಕರೆದರೆ ಹೋಗದಿರಲಿ. ಒಂದು ಸಲ ಅವರಿಗೂ ಗೊತ್ತಾಗಲಿ.

ಬೆಲ್ಲದ ವಾಸನೆಗೆ ಮಾವಾರ್‌ನ ಮೂಗು ಅರಳಿತು. ಅಕ್ಕಿ, ಬೆಲ್ಲ, ಹಣ್ಣು, ದೋಸೆ ಎಲ್ಲವನ್ನೂ ಅದು ತಲೆಯೆತ್ತದೆ ತಿಂದಿತು. ಡಬ್ಬಿಯ ಮೂಲೆಯನ್ನೂ ನೆಕ್ಕಿ, ಬೆಚ್ಚನೆಯ ತುಟಿಯಿಂದ ಅವಳ ಅಂಗೈಯನ್ನು ಉಜ್ಜಿತು. ಹಸು ಎಂದೂ ಹಾಗೆ ಮಾಡಿರಲಿಲ್ಲ. ಸರೋಜಿನಿಗೆ ಒಂದು ಕ್ಷಣ ಸಿಟ್ಟೇ ಮರೆತುಹೋಯಿತು.

ಸುಬ್ರಾಯರು ಹುಲ್ಲಿನ ಧೂಳು ಕೊಡವಿಕೊಳ್ಳುತ್ತಾ ಬಂದು, “ಬಾ ಮಾರಾಯ್ತಿ, ಬೆನ್ನು ಬಾಕಿ ಉಂಟು,” ಎಂದರು. ಮಾವಾರ್ ಕದಲಲಿಲ್ಲ. ಅದರ ಮೂತಿ ಸರೋಜಿನಿಯ ಸೆರಗಿನಲ್ಲಿತ್ತು. ಅವಳು ಬೇಕೆಂದೇ ನಾಲ್ಕು ಹೆಜ್ಜೆ ನಡೆದಳು. ಕತ್ತೆಯೂ ಅವಳ ಹಿಂದೆ ನಡೆಯಿತು. ಸುಬ್ರಾಯರು ಇನ್ನೊಮ್ಮೆ ಕರೆದರು, ಕ್ಯಾರೆಟ್ ತೋರಿಸಿದರು. ಉಹೂಂ.

“ನಿನ್ನನ್ನು ಮೊದಲ ಸಲ ನೋಡುವುದು ಅದು…” ಎಂದರು ಅವರು. ಮುಖ ಸಣ್ಣದಾಗಿತ್ತು. ಅದು ಹೊಟ್ಟೆಕಿಚ್ಚು ಎಂಬುದು ಸರೋಜಿನಿಗೆ ತಿಳಿಯದೆ ಹೋಗುವುದುಂಟೇ? ಅವಳ ಮುಖದಲ್ಲಿ ಅದು ವರ್ಷದಿಂದ ಮನೆ ಮಾಡಿತ್ತಲ್ಲ.

“ಹೆಂಗಸಿಗೆ ಹೆಂಗಸು ಬೇಗ ಗುರ್ತ ಆಗ್ತದೆ,” ಎಂದಳು. ದೀಪಾವಳಿಯ ಹೋಳಿಗೆಗಿಂತ ಆ ಮಾತು ಬಾಯಿಗೆ ಸಿಹಿಯಾಗಿತ್ತು.

ತೆಂಗಿನ ನೆರಳಿನಲ್ಲಿ ಕುಳಿತು ಇಬ್ಬರೂ ಚಿತ್ರಾನ್ನ ತಿಂದರು. ಸುಬ್ರಾಯರು ತಲೆ ತಗ್ಗಿಸಿ ತಿಂದರು. ಸರೋಜಿನಿ ಮಾತ್ರ ಎರಡು ಸಲ ಬಡಿಸಿಕೊಂಡಳು. ಇನ್ನು ಮೊಸರನ್ನ ತೆಗೆಯಬೇಕು ಎನ್ನುವಾಗ ಸಲ್ಮಾಳ ಕೂಗು ಕೇಳಿತು.

ಮಾವಾರ್ ಮಲಗಿತ್ತು. ಮಲಗಿದ್ದಲ್ಲ, ಬಿದ್ದುಕೊಂಡಿತ್ತು. ತಲೆ ತಿರುಗಿಸಿ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಏಳಲು ಹೋಗಿ ಮತ್ತೆ ಹೊರಳುತ್ತಿತ್ತು. ಮೈ ಬೆವರಿ ಬಣ್ಣ ಗಾಢವಾಗಿತ್ತು. ಸುಬ್ರಾಯರು ಓಡಿದರು. ಅವರು ಓಡಿದ್ದನ್ನು ಸರೋಜಿನಿ ಕಂಡದ್ದು ನವ್ಯಾ ಚಿಕ್ಕವಳಿದ್ದಾಗ ಜಾರುಬಂಡೆಯಿಂದ ಬಿದ್ದ ದಿನ, ಆಮೇಲೆ ಈಗ.

ಸಲ್ಮಾ ಮೆಲಾಕಾದ ಪಶುವೈದ್ಯೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಹೊಟ್ಟೆನೋವು, ಸರಿ, ಯಾಕೆ ಬಂತು? ಏನಾದರೂ ತಿಂದಿದೆಯೇ? ಸಲ್ಮಾ ಇಲ್ಲವೆಂದಳು, ಹುಲ್ಲು ಬಿಟ್ಟರೆ ಏನಿಲ್ಲ. ಸುಬ್ರಾಯರು ಎರಡು ಕ್ಯಾರೆಟ್ ಎಂದರು. ಹಾಗಾದರೆ ಮರಳು ಹೊಟ್ಟೆಗೆ ಹೋಗಿರಬೇಕು, ನೋವಿನ ಇಂಜೆಕ್ಷನ್ ಕೊಡಿ, ನಾಳೆ ಬೆಳಗಿನ ದೋಣಿಗೆ ಬಂದು ನೋಡುತ್ತೇನೆ ಎಂದಳು ವೈದ್ಯೆ.

ಸರೋಜಿನಿ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಖಾಲಿ ಡಬ್ಬಿ ಒಳಗಿತ್ತು. ಬಾಯಿ ಬಿಟ್ಟರೆ, ಯಾಕೆ ಕೊಟ್ಟೆ ಎಂದು ಕೇಳುತ್ತಾರೆ. ಗೋಗ್ರಾಸ ಎಂದು ಹೇಳಬಹುದು. ಆದರೆ ಗಂಡ ನಂಬುವುದಿಲ್ಲ, ಅವಳೇ ಅದನ್ನು ನಂಬುವುದಿಲ್ಲ. ಬಾಯಿ ಮುಚ್ಚಿದರೆ ನಾಳೆ ಬೆಳಗ್ಗೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಬೆಳಗ್ಗೆ ಈ ಕತ್ತೆ ಇಲ್ಲದಿದ್ದರೆ? ಇಲ್ಲದಿದ್ದರೆ… ಜೂನಿಗೆ ಹೊರಡಬಹುದು.

ಆ ಯೋಚನೆ ಬಂದದ್ದು ತನಗೇ ಎಂದು ಅವಳಿಗೆ ತಿಳಿಯಿತು. ಕೃಷ್ಣಾ, ಇದು ನಾನಾ?

“ನಿಲ್ಲಿ,” ಎಂದಳು. ಮೊದಲು ಕನ್ನಡದಲ್ಲಿ, ಆಮೇಲೆ ಮಲಯದಲ್ಲಿ, ಆಮೇಲೆ ಫೋನಿನ ಹತ್ತಿರ ಬಾಗಿ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು: ಅಕ್ಕಿ, ನೆನೆಸಿದ್ದು, ದೊಡ್ಡ ಡಬ್ಬಿ ತುಂಬ, ಬೆಲ್ಲ, ಹಣ್ಣು, ದೋಸೆ.

ಫೋನಿನಲ್ಲಿ ವೈದ್ಯೆಯ ಧ್ವನಿಯೇ ಬದಲಾಯಿತು. ನಾಳೆ ಆಗುವುದಿಲ್ಲ, ಹೊಟ್ಟೆಗೆ ಇಳಿಸುವ ಟ್ಯೂಬು ತೆಗೆದುಕೊಂಡು ಈಗಲೇ ಹೊರಡುತ್ತೇನೆ. ಎಬ್ಬಿಸಿ, ನಡೆಸಿ, ಹೊರಳಲು ಬಿಡಬೇಡಿ, ಒಂದು ಕಡ್ಡಿ ಹುಲ್ಲನ್ನೂ ಕೊಡಬೇಡಿ.

ಸಲ್ಮಾ ಅವಳನ್ನು ಬೈಯಲಿಲ್ಲ. “ಅಕ್ಕಾ, ಅಕ್ಕಾ,” ಎಂದು ತಲೆ ಮಾತ್ರ ಆಡಿಸಿದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮೂವರೂ ಸೇರಿ ಮಾವಾರ್ ಅನ್ನು ಎಬ್ಬಿಸಿದರು. ಸಲ್ಮಾ ಇಂಜೆಕ್ಷನ್ ಕೊಟ್ಟು, ವೈದ್ಯೆಯನ್ನು ಕರೆತರಲು ಜೆಟ್ಟಿಗೆ ಹೋದಳು. ಸುಬ್ರಾಯರು ಹಗ್ಗ ಹಿಡಿದರು. ಸರೋಜಿನಿ ಆ ಬದಿಯಲ್ಲಿ ಕೊರಳಿಗೆ ಕೈಯಿಟ್ಟು ನಡೆದಳು. ಅಂಗಳದ ಸುತ್ತ ಒಂದು ಸುತ್ತು, ಮತ್ತೊಂದು ಸುತ್ತು. ಅವಳ ತುಟಿಯಲ್ಲಿ ನಾಮ ತಾನಾಗಿ ಬರುತ್ತಿತ್ತು. ಮಾವಾರ್ ನಿಲ್ಲಲು ನೋಡಿದಾಗಲೆಲ್ಲ ಅವಳು ಭುಜ ಕೊಟ್ಟು ತಳ್ಳಿದಳು.

“ಯಾಕೆ ಕೊಟ್ಟದ್ದು?” ಎಂದು ಕೇಳಿದರು ಸುಬ್ರಾಯರು, ಕತ್ತೆಯ ಬೆನ್ನಿನ ಆಚೆಯಿಂದ.

“ನನ್ನ ಹಿಂದೆ ಬರಲಿ ಅಂತ.”

“ಕತ್ತೆ ಜೊತೆ ಎಂತ ಸ್ಪರ್ಧೆ ಸರೋಜಿನಿ?”

“ಡೀನ್‌ಗೆ ಹೇಳಿ ಆಯ್ತಂತೆ. ಕತ್ತೆಗೂ ಹೇಳಿ ಆಯ್ತು. ನನ್ನ ಸರದಿ ಯಾವಾಗ ಅಂತ ಕೇಳುವ ಅಂತಿದ್ದೆ.”

ಹಗ್ಗ ಹಿಡಿದ ಕೈ ನಿಂತಿತು. ಕತ್ತೆಯೂ ನಿಂತಿತು. “ನಿಲ್ಲಿಸಬೇಡಿ, ನಡೆಸಿ,” ಎಂದು ಸರೋಜಿನಿ ಗದರಿದಳು. ಮತ್ತೆ ನಡೆದರು.

“ಕೇಳಿದೆಯಾ?”

“ಟ್ಯಾಂಕಿನ ಹಿಂದೆ ಇದ್ದೆ. ಕದ್ದು ಕೇಳಿದ್ದು, ಹೌದು. ಎದುರು ಹೇಳಿದ್ರೆ ಕದಿಯುವ ಕೆಲಸ ಇರ್ಲಿಲ್ಲ.”

“ಇದರ ಹತ್ತಿರ ಹೇಳುವುದು ಸುಲಭ,” ಎಂದರು ಸುಬ್ರಾಯರು. “ಇದು ಕೇಳ್ತದೆ, ಅಷ್ಟೇ. ಮೊಣಕಾಲು ನೋವು ಅಂದ್ರೆ ನೀನು ಎಣ್ಣೆ ಬಿಸಿ ಮಾಡ್ಲಿಕ್ಕೆ ಎದ್ದು ಹೋಗ್ತೀ. ಬೇಜಾರು ಅಂದ್ರೆ ಸ್ತೋತ್ರ ಹೇಳ್ತೀ. ನಾನು ವಾಕ್ಯ ಮುಗಿಸುವ ಮೊದಲೇ ನಿನ್ನ ಹತ್ತಿರ ಉತ್ತರ ತಯಾರು. ಆಮೇಲೆ ನಾನು ಎಂತ ಹೇಳುವುದು?”

ಸರೋಜಿನಿಗೆ ಇದಕ್ಕೂ ಉತ್ತರ ತಯಾರಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಅವಳು ಕತ್ತೆಯ ಒದ್ದೆ ಕೊರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅದನ್ನು ನುಂಗಿದಳು. ಜೀವಮಾನದಲ್ಲಿ ಮಾಡಿದ ಉಪವಾಸಗಳಲ್ಲಿ ಅದೇ ಕಠಿಣ.

ಅವಳು ಮಾತನಾಡದ್ದನ್ನು ಕಂಡು ಸುಬ್ರಾಯರು ಮುಂದುವರಿದರು. “ಉಡುಪಿಯಲ್ಲಿ ನಿನಗೆ ಮಠ ಉಂಟು, ಭಜನೆ ಉಂಟು, ಅಕ್ಕತಂಗಿಯರು ಉಂಟು. ನನಗೆ ಎಂತ ಉಂಟು? ಬಾಲ್ಕನಿಯಲ್ಲಿ ಕೂತು ಪೇಪರು ಓದಬೇಕು. ಯಾರಾದರೂ ಬಂದರೆ ಬಿಪಿ ನೋಡಿ ಕೊಡಬೇಕು. ಅದು ನೆನೆದರೆ ಹೆದರಿಕೆ ಆಗ್ತದೆ. ಹೆದರಿಕೆ ಆಗ್ತದೆ ಅಂತ ನಿನಗೆ ಹೇಗೆ ಹೇಳುವುದು?”

ಹೆದರಿಕೆ! ಈ ಮನುಷ್ಯನಿಗೆ ಹೆದರಿಕೆಯಾಗಬಹುದೆಂದು ಸರೋಜಿನಿಗೆ ತೋಚಿಯೇ ಇರಲಿಲ್ಲ. ಕನಿಕರ ಬಂತು. ಅದರ ಹಿಂದೆಯೇ, ಇದನ್ನು ವರ್ಷದಿಂದ ಭಾನುವಾರ ಭಾನುವಾರ ಇನ್ನೊಬ್ಬಳು ಕೇಳಿದ್ದಾಳೆ ಎಂಬುದು ಮತ್ತೆ ಚುರ್ರೆಂದಿತು.

ವೈದ್ಯೆ ಬಂದು ಮೂಗಿನಿಂದ ಟ್ಯೂಬು ಇಳಿಸಿ, ನೀರು ಎಣ್ಣೆ ಹೊಯ್ದು, ಇನ್ನೂ ನಡೆಸಿ ಎಂದಳು. ನೆರಳು ಉದ್ದವಾಗುವವರೆಗೆ ನಡೆಸಿದರು. ಸರೋಜಿನಿಯ ಸೀರೆಯ ಅಂಚು ಕೆಸರಿನಲ್ಲಿ ನೆನೆದು ಭಾರವಾಗಿತ್ತು. ಕೊನೆಗೆ ಮಾವಾರ್ ನಿಂತಿತು, ಬಾಲ ಎತ್ತಿತು, ಧಾರಾಳವಾಗಿ ಲದ್ದಿ ಹಾಕಿತು.

“ಅಲ್ಹಮ್ದುಲಿಲ್ಲಾ!” ಎಂದಳು ಸಲ್ಮಾ.

“ಕೃಷ್ಣಾ!” ಎಂದಳು ಸರೋಜಿನಿ. ಮಡಿ ಮೈಲಿಗೆ ಎಂದು ಜೀವ ಬಿಡುವವಳು, ಬಿಸಿ ಲದ್ದಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೈ ಮುಗಿದಳು. ವೈದ್ಯೆ ನಕ್ಕಳು. ಸುಬ್ರಾಯರು ಕತ್ತೆಯ ಕೊರಳಿಗೆ ಹಣೆಯೊತ್ತಿ ನಿಂತಿದ್ದರು. ಅದನ್ನು ಕಂಡು ಸರೋಜಿನಿಗೆ ಹಿಡಿಸಲಿಲ್ಲ. ಆದರೆ ಆ ಹೊತ್ತಿಗೆ ಹೇಳುವ ಮುಖವೂ ಅವಳಿಗಿರಲಿಲ್ಲ.

ಕೊನೆಯ ದೋಣಿಯಲ್ಲಿ ಅವರಿಬ್ಬರೂ ಒಂದೇ ಹಲಗೆಯ ಮೇಲೆ ಕುಳಿತರು. “ಎರಡು ವರ್ಷ ಜಾಸ್ತಿ ಆಯ್ತು,” ಎಂದಳು ಸರೋಜಿನಿ. ಅಷ್ಟೇ ಹೇಳಿ ಸುಮ್ಮನಾದಳು, ಸಮುದ್ರ ನೋಡುತ್ತಾ. ಕಾಯುವುದು ಅವಳಿಗೆ ಅಭ್ಯಾಸವಿರಲಿಲ್ಲ. ದೋಣಿ ಅರ್ಧ ದಾರಿ ಬಂದ ಮೇಲೆ ಸುಬ್ರಾಯರು, “ಒಂದು ವರ್ಷ ಅಂತ ನಾಳೆ ಡೀನ್ ಹತ್ತಿರ ಮಾತಾಡ್ತೇನೆ. ಆಮೇಲೆ ಹೋಗುವ. ಅಲ್ಲಿ ನಾನು ಎಂತ ಮಾಡುವುದು ಅಂತ… ಅದನ್ನು ಈ ಒಂದು ವರ್ಷದಲ್ಲಿ ಇಬ್ಬರೂ ಯೋಚಿಸುವ,” ಎಂದರು. ಅವಳ ತಲೆಯಲ್ಲಿ ಆಗಲೇ ಏಳೆಂಟು ಉಪಾಯಗಳು ಎದ್ದು ನಿಂತಿದ್ದವು. ಒಂದನ್ನೂ ಹೊರಗೆ ಬಿಡಲಿಲ್ಲ.

ಈಗ ಭಾನುವಾರ ದೋಣಿಗೆ ಇಬ್ಬರೂ ಹೋಗುತ್ತಾರೆ. ತಪ್ಪಿಗೆ ಶಿಕ್ಷೆ ಎಂದು ನಗುತ್ತಾ ಸಲ್ಮಾ ಸರೋಜಿನಿಗೂ ಒಂದು ಬ್ರಷ್ ಕೊಟ್ಟಳು. ಜೊತೆಗೆ ಯಾರನ್ನೂ ಹತ್ತಿರ ಬಿಡದ ಆ ಗಂಡು ಕತ್ತೆಯನ್ನು ಗಂಟುಹಾಕಿದಳು. ಅದು ಮೊದಲ ವಾರ ಅವಳ ಸೆರಗು ಹರಿಯಿತು, ಎರಡನೆಯ ವಾರ ಬ್ರಷ್ ಕಚ್ಚಿತು. ಮೂರನೆಯ ವಾರದಿಂದ ಬೆನ್ನು ಕೊಟ್ಟು ನಿಲ್ಲುತ್ತದೆ. ಹೊಟ್ಟೆಕಿಚ್ಚು ಹೋಯಿತೆಂದಲ್ಲ. ದೋಣಿಯ ಸದ್ದಿಗೆ ಮಾವಾರ್ ಗೇಟಿಗೆ ಓಡಿ ಬಂದು ಗಂಡನ ಕಡೆ ಕತ್ತು ಚಾಚಿದಾಗ ಅವಳಿಗೆ ಇಂದಿಗೂ ಒಳಗೊಂದು ಮುಳ್ಳು ಆಡುತ್ತದೆ.

ಆದರೆ ಮೊನ್ನೆ ಅವಳು ತನ್ನ ಕತ್ತೆಯ ಕಿವಿಯ ಹತ್ತಿರ ಬಾಯಿಟ್ಟು, ಬ್ರಷ್ ಎಳೆಯುತ್ತಾ, ಮೆಲ್ಲಗೆ ಏನೋ ಹೇಳತೊಡಗಿದಳು. ಹೇಳುತ್ತಾ ಒಮ್ಮೆ ನಕ್ಕಳು. ಅಂಗಳದ ಆ ಬದಿಯಲ್ಲಿ ಸುಬ್ರಾಯರ ಬ್ರಷ್ಷು ನಿಧಾನವಾಯಿತು, ಆಮೇಲೆ ನಿಂತಿತು. ಅವಳು ಧ್ವನಿಯನ್ನು ಇನ್ನೂ ಸ್ವಲ್ಪ ಇಳಿಸಿದಳು.

ದೋಣಿ ಹತ್ತಿದ ಮೇಲೆ ಅವರು ಕೇಳಿದರು. “ಅಷ್ಟು ಹೊತ್ತು ಅದಕ್ಕೆ ಎಂತ ಹೇಳಿದ್ದು?”

“ನಮ್ಮ ನಮ್ಮ ಮಾತು.”

“ನನ್ನ ವಿಷಯವಾ?”

ಸರೋಜಿನಿ ಸೆರಗಿಗೆ ಅಂಟಿದ ಕತ್ತೆಯ ಕೂದಲನ್ನು ಒಂದೊಂದೇ ಆರಿಸಿ ನೀರಿಗೆ ಬಿಡುತ್ತಿದ್ದಳು. ಜೆಟ್ಟಿಯಲ್ಲಿ ಇಳಿಯುವಾಗ ಅವರು ಇನ್ನೊಮ್ಮೆ ಕೇಳಿದರು. ಕಾರಿನ ಬಾಗಿಲು ತೆರೆಯುವಾಗ ಮತ್ತೊಮ್ಮೆ.